ನದಿ ಕಡೆಯ ತುದಿ

ಬೈಕರ್, ನ್ಯೂಕ್ಯಾಸಲ್
3 ಜನವರಿ 1981, ಶನಿವಾರ

ಪ್ರೀತಿಯ ಲಿನೆಟ್,

ಮಧ್ಯಾಹ್ನ. ಬೇಕರಿಗೆ ಅರ್ಧ ದಿನ ರಜೆ. ಹೊರಗೆ ಹಿಮ ಬಿದ್ದು ಗಟ್ಟಿಯಾಗಿದೆ. ನಮ್ಮಜ್ಜಿ ನ್ಯಾನಾ ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ, ನಾನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ಮಾಮ್ ಬಾಗಿಲಲ್ಲೇ ಹೇಳಿದರು, ನೀನು ಬೆಳಗಿನ ರೈಲಿಗೆ ಎಕ್ಸೆಟರಿಗೆ ಹೊರಟುಹೋದೆಯೆಂದು, ಆಸ್ಪತ್ರೆಯವರು ಬೇಗ ಕರೆದರೆಂದು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಒಂದೇ ಬೀದಿಯಲ್ಲಿ ಬೆಳೆದವರು ನಾವು. ನೀನು ನರ್ಸಿಂಗ್ ಓದಲು ದಕ್ಷಿಣಕ್ಕೆ ಹೋದ ಮೇಲೂ ನನಗೆ ಹೇಳದೆ ಒಮ್ಮೆಯೂ ಊರು ಬಿಟ್ಟವಳಲ್ಲ. ಆದ್ದರಿಂದ ಹೊಸ ವರ್ಷದ ಹಿಂದಿನ ಸಂಜೆ ಏನಾಯಿತೆಂದು ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ. ಉಳಿದದ್ದನ್ನು ನೀನು ಬರೆ.

ಸ್ಮಾರಕದ ಕಂಬದ ಕೆಳಗೆ ನಾವು ನಾಲ್ವರೂ ಬಂದು ನಿಂತಿದ್ದೆವು. ಮ್ಯಾಕ್ಸೀನ್ ಬೆಳ್ಳಿ ಬಣ್ಣದ ತೋಳಿಲ್ಲದ ಫ್ರಾಕಿನಲ್ಲಿ, ಡಾಟ್ ಮತ್ತು ಕ್ಯಾರಲ್ ಒಂದೇ ಅಂಗಡಿಯ ಒಂದೇ ಕೆಂಪಿನಲ್ಲಿ (ಇಬ್ಬರೂ ದಾರಿಯುದ್ದಕ್ಕೂ ಅದಕ್ಕೇ ಜಗಳ), ನಾನು ಹಸಿರಿನಲ್ಲಿ. ಹಿಮ ಬಿದ್ದರೂ ಕುಣಿಯಲು ಹೊರಟಾಗ ಕೋಟು ಮುಟ್ಟದ ನಮ್ಮ ಊರಿಗೆ ಊರೇ ಸುತ್ತಲೂ ಬರಿ ತೋಳು, ಬರಿ ಕಾಲು. ಎಂಥ ಗದ್ದಲ, ಎಂಥ ನಗು. ಆಗ ನೀನು ಬಂದೆ. ಕಂದು ಬಣ್ಣದ ಉಣ್ಣೆಯ ಕೋಟು, ಕಣಕಾಲಿನವರೆಗೆ, ಕತ್ತಿನ ತನಕ ಗುಂಡಿ.

"ಕೋಟು ಬಂತು ಕಣ್ರೇ," ಅಂದಳು ಮ್ಯಾಕ್ಸೀನ್. "ಒಳಗೆ ಯಾರಾದ್ರೂ ಇದ್ದಾರಾ ನೋಡಿ."

ನಾವೆಲ್ಲ ನಕ್ಕೆವು. ನೀನೂ ನಕ್ಕೆ ಎಂದುಕೊಂಡಿದ್ದೆ. ಈಗ ನೆನೆಸಿಕೊಂಡರೆ ನಿನ್ನ ನಗು ನನಗೆ ಕಾಣಿಸುವುದಿಲ್ಲ.

ಆಮೇಲೆ ಸಾಲು. ಐದು ಜನ ತೋಳಿಗೆ ತೋಳು ಕೋದು ಬೀದಿಯಗಲ ನಡೆಯುವುದು. ಟೈನ್ ನದಿಯ ಗಾಳಿ ಹೊಡೆಯುವ ತುದಿಯಲ್ಲಿ ಒಬ್ಬಳು. ಮೂಲೆ ಬಂದಾಗಲೆಲ್ಲ ಯಾರಾದರೂ "ಬದಲು" ಎಂದು ಕೂಗಿದರೆ ತುದಿಯವಳು ನಡುವೆ, ನಡುವಿನವಳು ತುದಿಗೆ. ನಾವು ಹದಿನಾರರಲ್ಲಿದ್ದಾಗ ಈ ನಿಯಮ ಮಾಡಿದವಳೇ ನೀನು. ಆ ಸಂಜೆ ಡಾಟ್ ಹೇಳಿದಳು, ಲಿನೆಟ್‌ಗೆ ಕೋಟಿದೆಯಲ್ಲ, ನದಿ ಕಡೆಯ ತುದಿ ಅವಳಿಗೇ ಇರಲಿ ಎಂದು. ನ್ಯಾಯವಾದ ಮಾತೆಂದು ಎಲ್ಲರಿಗೂ ಅನ್ನಿಸಿತು. ನಿನ್ನ ಪಕ್ಕದಲ್ಲಿ ನಾನಿದ್ದೆ. ಕೋದುಕೊಂಡ ತೋಳಿನಲ್ಲಿ ನೀನಿದ್ದೀಯ ಎಂದೇ ತಿಳಿಯುತ್ತಿರಲಿಲ್ಲ, ಬರೀ ಬಟ್ಟೆ.

ಡಾನ್ಸ್ ಹಾಲಿನಲ್ಲಿ ಕೋಟು ಬಿಡುವ ಕಿಟಕಿಗೆ ಉದ್ದ ಸಾಲು. ನಿಂತವರೆಲ್ಲ ಬೇರೆ ಊರಿಂದ ಬಂದ ಹೊರಗಿನವರು. ನೀನು ಬಿಟ್ಟು ಬಾ, ನಾವು ಜಾಗ ಹಿಡಿದಿರುತ್ತೇವೆ ಎಂದೆ. ಹಿಡಿದಿದ್ದೆವು ಕೂಡ, ಕ್ಯಾರಲ್‌ಳ ಚೀಲ ಇಟ್ಟು. ನೀನು ಬರಲೇ ಇಲ್ಲ.

ಎರಡೇ ಪ್ರಶ್ನೆ. ಎಲ್ಲಿಗೆ ಹೋದೆ? ಮತ್ತೆ, ಕೋಟು ಯಾಕೆ?

ನಿನ್ನ,
ಬೆವ್

ನ್ಯಾನಾ ಈಗ ಎದ್ದಳು. ಕೋಟಿನ ಬಟ್ಟೆ ಒಳ್ಳೆಯದಾ ಎಂದು ಕೇಳಬೇಕಂತೆ.


ನರ್ಸುಗಳ ಹಾಸ್ಟೆಲ್, ಎಕ್ಸೆಟರ್
22 ಫೆಬ್ರವರಿ 1981

ಪ್ರಿಯ ಬೆವರ್ಲಿ,

ಉತ್ತರಿಸುವುದು ತಡವಾಯಿತು. ರಾತ್ರಿ ಪಾಳಿ ಇತ್ತು.

ಎಲ್ಲಿಗೆ ಹೋದೆ ಎಂದು ಕೇಳಿದ್ದೀಯ. ಕಿಟಕಿಯಲ್ಲಿ ಕೋಟು ಕೊಟ್ಟು, ಬಿಲ್ಲೆ ತೆಗೆದುಕೊಂಡು ಹಾಲಿನ ಬಾಗಿಲಿಗೆ ಬಂದೆ. ನೀವು ನಾಲ್ವರೂ ಒಬ್ಬರ ಭುಜದ ಮೇಲೊಬ್ಬರು ಕೈ ಹಾಕಿ ಸುತ್ತು ಕಟ್ಟಿ ಕುಣಿಯುತ್ತಿದ್ದಿರಿ. ಸುತ್ತಿನಲ್ಲಿ ಎಲ್ಲೂ ತೆರಪು ಕಾಣಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದೆ. ನಂತರ ಬಿಲ್ಲೆ ಕೊಟ್ಟು ಕೋಟು ವಾಪಸು ಪಡೆದೆ. ಕಿಟಕಿಯ ಆಳು "ಇಷ್ಟು ಬೇಗನಾ?" ಎಂದ. ನಡೆದೇ ಮನೆಗೆ ಹೋದೆ.

ಇದರಲ್ಲಿ ಜಗಳವೇನೂ ಇಲ್ಲ. ದಕ್ಷಿಣದಲ್ಲಿ ಎಲ್ಲರೂ ಕೋಟು ಹಾಕುತ್ತಾರೆ, ನನಗೂ ಅಭ್ಯಾಸವಾಗಿದೆ. ಬಟ್ಟೆ ಒಳ್ಳೆಯದೇ ಎಂದು ನ್ಯಾನಾಗೆ ತಿಳಿಸು.

ಇಂತಿ,
ಲಿನೆಟ್ ರಾಬ್ಸನ್


ಬೈಕರ್
1 ಮಾರ್ಚ್ 1981

ಲಿನೆಟ್ ರಾಬ್ಸನ್ ಎಂಬುವವಳಿಗೆ,

ನಿನ್ನ ಪೂರ್ತಿ ಹೆಸರು ನನಗೆ ಗೊತ್ತು ಕಣೇ. ಸ್ಕೂಲಿನಲ್ಲಿ ನಿನ್ನ ಬೆಂಚಿನ ಮೇಲೆ ಕೆತ್ತಿದವಳೂ ನಾನೇ, ಅದಕ್ಕೆ ಬೆತ್ತದ ಏಟು ತಿಂದವಳು ನೀನು. ಇನ್ನೊಮ್ಮೆ ಹಾಗೆ ಸಹಿ ಹಾಕಿದರೆ ಪತ್ರವನ್ನು ಮ್ಯಾಕ್ಸೀನ್‌ಗೆ ತೋರಿಸುತ್ತೇನೆ.

ಸುತ್ತು ಕಟ್ಟುವುದೇ ಬಿಚ್ಚಿಕೊಳ್ಳುವುದಕ್ಕೆ. ಬಂದು ಯಾರ ಭುಜಕ್ಕಾದರೂ ತಟ್ಟಿದ್ದರೆ ಸಾಕಿತ್ತು. ಇದನ್ನು ನಿನಗೆ ಹೇಳಿಕೊಡಬೇಕೆ? ನೀನು ತಟ್ಟಲಿಲ್ಲ. ನಾನು ಬಾಗಿಲ ಕಡೆ ತಿರುಗಿ ನೋಡಲಿಲ್ಲ. ಅದು ಅಲ್ಲಿಗೆ ಸಮ ಎಂದು ಬಿಡೋಣ.

ಈಗ ಕೇಳು, ಬರೆಯದಿದ್ದರೆ ನಾನು ಒಡೆದುಹೋಗುತ್ತೇನೆ. ದಿನಾ ಬೇಕರಿಯ ಬಾಗಿಲು ತೆಗೆಯುವ ಹೊತ್ತಿಗೆ ವಾಲ್ಸೆಂಡ್ ಹಡಗುಕಟ್ಟೆಯ ವೆಲ್ಡರು ಒಬ್ಬ ಬರುತ್ತಾನೆ. ಸ್ಟಾಟಿ ರೊಟ್ಟಿ, ನಡುವೆ ಹಂದಿಮಾಂಸ ಮತ್ತು ಬಟಾಣಿ ಗೊಜ್ಜು, ಯಾವತ್ತೂ ಅದೇ. ಹೆಸರು ಕೀತ್. ಹೋದ ಮಂಗಳವಾರ ಆಲಿಕಲ್ಲು ಬೀಳುತ್ತಿತ್ತು. ಸಾಲಿನಲ್ಲಿದ್ದ ಗಂಡಸರೆಲ್ಲ ಕುತ್ತಿಗೆಯನ್ನು ಕಾಲರಿನೊಳಗೆ ಎಳೆದುಕೊಂಡು ಆಮೆಗಳಂತೆ ನಿಂತಿದ್ದರೆ, ಇವನೊಬ್ಬ ಗಿಡ್ಡ ತೋಳಿನ ಅಂಗಿಯಲ್ಲಿ. ತೋಳಿನ ಮೇಲೆ ಆಲಿಕಲ್ಲು ಪುಟಿದು ಬೀಳುತ್ತಿದೆ, ಲಿನೆಟ್, ಪುಟಿದು.

"ಚಳಿ ಆಗಲ್ವಾ?" ಎಂದೆ.

"ಯಾಕೆ, ಆಗ್ಬೇಕಿತ್ತಾ?" ಎಂದ.

ಇಷ್ಟೇ ಮಾತು. ಅಂದು ನಾನು ಮೂವರಿಗೆ ತಪ್ಪು ರೊಟ್ಟಿ ಕಟ್ಟಿಕೊಟ್ಟೆ. ಮುಂದಿನ ಶನಿವಾರ ಸಿನಿಮಾಕ್ಕೆ ಹೋಗುತ್ತಿದ್ದೇವೆ. ನ್ಯಾನಾಗೆ ಆಗಲೇ ಗೊತ್ತು. ಹೇಗೆ ಗೊತ್ತು ಎಂದು ಕೇಳಬೇಡ.

ನನ್ನ ಎರಡನೆಯ ಪ್ರಶ್ನೆಗೆ ನೀನು ಉತ್ತರ ಕೊಟ್ಟಿಲ್ಲ. ದಕ್ಷಿಣದಲ್ಲಿ ಎಲ್ಲರೂ ಹಾಕುತ್ತಾರೆ ಎಂಬುದು ಉತ್ತರವಲ್ಲ. ಮೊದಲ ವರ್ಷ ಆ ಊರಿನಲ್ಲೂ ಬರಿ ತೋಳಿನಲ್ಲಿ ಅಡ್ಡಾಡಿ ಮೇಟ್ರನ್ ಕೈಲಿ ಬೈಸಿಕೊಂಡು, ಅದನ್ನು ನಾಲ್ಕು ಪುಟ ಬರೆದು ನಮ್ಮೆಲ್ಲರನ್ನೂ ನಗಿಸಿದವಳು ನೀನು.

ಕೋಟು ಯಾಕೆ?

ನಿನ್ನ,
ಬೆವ್ (ಹಿಂದೆ ಮುಂದೆ ಏನೂ ಇಲ್ಲ)


ಎಕ್ಸೆಟರ್
17 ಮೇ 1981

ಪ್ರೀತಿಯ ಬೆವ್,

ಈ ಪತ್ರವನ್ನು ಮೂರು ಸಲ ಶುರುಮಾಡಿ ಬಿಟ್ಟಿದ್ದೇನೆ.

ಕಳೆದ ನವೆಂಬರಿನಲ್ಲಿ ನನಗೆ ನ್ಯುಮೋನಿಯಾ ಆಗಿತ್ತು. ಎರಡೂ ಕಡೆಯ ಶ್ವಾಸಕೋಶ. ನಾನು ಕೆಲಸ ಮಾಡುವ ವಾರ್ಡಿನಲ್ಲೇ, ನಾನೇ ಹಾಸಿ ಮಡಿಸುತ್ತಿದ್ದ ಮಂಚವೊಂದರ ಮೇಲೆ ಮಲಗಿದ್ದೆ. ಜೊತೆಯ ಹುಡುಗಿಯರು ಬಂದು ಜ್ವರ ನೋಡಿ ಹಲಗೆಯ ಮೇಲೆ ಗೀಟೆಳೆದು ಹೋಗುತ್ತಿದ್ದರು. ಆ ಗೀಟು ಹೇಗಿರಬೇಕು, ಹೇಗಿರಬಾರದು ಎಂದು ನನಗೆ ತಿಳಿದಿತ್ತು. ಒಂದು ವಾರ ಅದು ಇರಬಾರದಂತೆಯೇ ಇತ್ತು.

ಎದ್ದು ಓಡಾಡುವಂತಾದಾಗ ಡಾಕ್ಟರು ಮುಂದಿನ ಚಳಿಗಾಲದವರೆಗೆ ಎದೆಯನ್ನು ಬೆಚ್ಚಗಿಡು ಎಂದರು. ಆ ತಿಂಗಳ ಸಂಬಳದಲ್ಲಿ ಕೋಟು ಕೊಂಡೆ. ಮಾಮ್‌ಗೆ ತಿಳಿಸಲಿಲ್ಲ. ಅಪ್ಪ ಹೋದದ್ದು ಎದೆಯಿಂದಲೇ ಎಂಬುದು ನಿನಗೆ ಗೊತ್ತು. ನನ್ನ ಒಂದು ಕೆಮ್ಮು ಕೇಳಿದರೆ ಸಾಕು, ಅವಳು ಮುಖ ಮರೆಸಿಕೊಳ್ಳಲು ಒಲೆಯ ಮುಂದೆ ಹೋಗಿ ನಿಲ್ಲುತ್ತಾಳೆ. ನೀನೂ ಹೇಳಬೇಡ.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳುವ ಮೊದಲೇ ಮ್ಯಾಕ್ಸೀನ್ ಮಾತಾಡಿದಳು, ಎಲ್ಲರೂ ನಕ್ಕಿರಿ. ಆಮೇಲೆ ಹೇಳಿದರೆ ನಗು ನಿಲ್ಲುತ್ತಿತ್ತು. ವರ್ಷದ ಕೊನೆಯ ಸಂಜೆ ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಉಣ್ಣೆ ಎಷ್ಟು ದಪ್ಪವಿದ್ದರೂ ನದಿಯ ಗಾಳಿಗೆ ಅದು ಲೆಕ್ಕವಿಲ್ಲ, ಬೆವ್. ಒಳಗೆ ಬರುತ್ತದೆ. ನಿನ್ನ ಪಕ್ಕದಲ್ಲಿ ನಡೆಯುತ್ತ ಪ್ರತಿ ಮೂಲೆಯಲ್ಲೂ ಯಾರಾದರೂ "ಬದಲು" ಎನ್ನುತ್ತಾರೆಂದು ಕಾದೆ. ಬ್ಯಾಂಕಿನ ಮೂಲೆ ಹೋಯಿತು, ಚರ್ಚಿನ ಮೂಲೆ ಹೋಯಿತು. ಡಾನ್ಸ್ ಹಾಲಿನ ದೀಪ ಕಂಡಿತು.

ಕೀತ್ ವಿಷಯ ಓದಿ ಬಹಳ ದಿನಗಳ ಮೇಲೆ ಜೋರಾಗಿ ನಕ್ಕೆ. ಕೋಣೆಯ ಜೊತೆಗಾತಿ ಎದ್ದು ಕೂತಳು. ಆಲಿಕಲ್ಲು ಪುಟಿಯುವ ತೋಳನ್ನು ಆದಷ್ಟು ಬೇಗ ನೋಡಬೇಕು.

ನಿನ್ನ,
ಲಿನೆಟ್


ಬೈಕರ್
5 ಜುಲೈ 1981

ಪ್ರೀತಿಯ ಲಿನೆಟ್,

ಇಷ್ಟು ದಿನ ಬರೆಯದೆ ಇದ್ದದ್ದು ಮರೆವಿನಿಂದಲ್ಲ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಕಾಯಿಲೆಯವಳನ್ನು ಬೈಯಬಾರದೆಂದು ನ್ಯಾನಾ ಪೆನ್ನು ಕಿತ್ತಿಟ್ಟಳು. ಈಗ ನಿನಗೆ ಕಾಯಿಲೆ ಇಲ್ಲ, ಆದ್ದರಿಂದ ಒಂದು ಬೈಗುಳ ಬರೆದೇ ಮುಂದೆ ಹೋಗುತ್ತೇನೆ.

ಹೇಳಿದ್ದರೆ ನಿನ್ನನ್ನು ನಡುವೆ ಹಾಕುತ್ತಿದ್ದೆವು, ದಡ್ಡಿ. ನಡು ಇರುವುದೇ ಅದಕ್ಕೆ. ಕ್ಯಾರಲ್‌ಗೆ ಗಂಟಲು ಕಟ್ಟಿದ್ದಾಗ, ಡಾಟ್‌ಳ ನಾಯಿ ಸತ್ತ ವಾರ, ನನ್ನ ಹಲ್ಲು ಕಿತ್ತ ದಿನ, ಯಾರು ಯಾರನ್ನು ಕೇಳಿ ನಡುವೆ ತಳ್ಳಿದರು? ಒಂದು ಕಡೆ ನಾನು, ಇನ್ನೊಂದು ಕಡೆ ದಪ್ಪ ಡಾಟ್, ನಿನಗೆ ಬೆವರು ಬರುತ್ತಿತ್ತು. ಕೋಟಿನಲ್ಲಿ ಬಂದವಳನ್ನು ನೋಡಿದರೆ ಇವಳಿಗೆ ನಮ್ಮ ತೋಳು ಬೇಕಿಲ್ಲ ಎಂದೇ ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು. ಅದೇ ನನಗೆ ಸಿಟ್ಟು ತಂದದ್ದು, ಉಡುಪಲ್ಲ.

ಮುಗಿಯಿತು. ಇನ್ನು ಬೈಯುವುದಿಲ್ಲ. ಮಾಮ್‌ಗೆ ಹೇಳಿಲ್ಲ. ಹುಡುಗಿಯರಿಗೂ ಇಲ್ಲ. ನ್ಯಾನಾಗೆ ಮಾತ್ರ ಹೇಳಿದೆ, ಅವಳ ಬಾಯಿಂದ ಒಂದು ವಿಷಯ ಹೊರಗೆ ಬರಬೇಕಾದರೆ ಆಪರೇಷನ್ ಮಾಡಬೇಕು.

ಈಗ ಪೆನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಮದುವೆ!

ಹೋದ ಭಾನುವಾರ ಟೈನ್‌ಮತ್ ಕಡಲ ದಡಕ್ಕೆ ಹೋಗಿದ್ದೆವು. ಕೀತ್ ನೀರಿಗಿಳಿದ. ಬೇಸಿಗೆ ಎಂದರೂ ನಮ್ಮ ಕಡಲು ನಿನಗೆ ಗೊತ್ತಲ್ಲ. ಹೊರಗೆ ಬಂದವನ ತುಟಿ ನೀಲಿ, ಹಲ್ಲು ಕಟಕಟ. "ಬೆವ್, ನ-ನ-ನನ್ನ ಮದ್ವೆ ಆಗ್ತೀಯಾ?" ಎಂದ. ನಾನು ಆ ನೀಲಿ ತುಟಿಯನ್ನೇ ನೋಡುತ್ತ ನಿಂತೆ. "ಬೇಗ ಹೇಳೇ, ಹೆಪ್ಪುಗಟ್ತಿದೀನಿ," ಎಂದ. ಚಳಿಯಾಗುತ್ತಿದೆ ಎಂದು ನನ್ನ ಮುಂದೆ ಮೊದಲ ಸಲ ಒಪ್ಪಿಕೊಂಡದ್ದು! ಆ ಕ್ಷಣವೇ ಹೂಂ ಅಂದೆ.

ಮದುವೆ ಡಿಸೆಂಬರ್ 19ಕ್ಕೆ. ಅದರ ಹಿಂದಿನ ಶನಿವಾರ, 12ಕ್ಕೆ, ನಮ್ಮ ಹುಡುಗಿಯರ ಕೊನೆಯ ಸಂಜೆ. ಸ್ಮಾರಕದ ಕೆಳಗೆ, ಏಳಕ್ಕೆ. ಮದುವೆಯಲ್ಲಿ ನನ್ನ ಪಕ್ಕ ನಿಲ್ಲುವವಳು ನೀನು, ಅದನ್ನು ಕೇಳುವುದೇ ಇಲ್ಲ. ಆದರೆ ಸಾಲಿಗೆ ಬರುತ್ತೀಯಾ ಎಂದು ಕೇಳುತ್ತಿದ್ದೇನೆ. ನೀನಿಲ್ಲದೆ ನಾಲ್ವರು ನಡೆದರೆ ಅದು ಬರೀ ನಾಲ್ಕು ಹುಡುಗಿಯರು ಬಸ್ಸಿಗೆ ಹೋದಂತೆ. ನ್ಯಾನಾ ನೀಲಿ ಸ್ಯಾಟಿನ್ ತಂದಿಟ್ಟಿದ್ದಾಳೆ. ತೋಳಿಲ್ಲ. ಅಳತೆ ಕಳಿಸು.

ನಿನ್ನ,
ಬೆವ್


ಎಕ್ಸೆಟರ್
30 ಆಗಸ್ಟ್ 1981

ಪ್ರೀತಿಯ ಬೆವ್,

ಅಳತೆ ಬೇರೆ ಚೀಟಿಯಲ್ಲಿದೆ. ಎದೆಯ ಸುತ್ತಳತೆ ಕಡಿಮೆಯಾಗಿದೆ, ನ್ಯಾನಾ ನಂಬದಿದ್ದರೂ ಹಾಗೇ ಹೊಲಿಯಲಿ.

ಚರ್ಚಿನಲ್ಲಿ ನಿನ್ನ ಪಕ್ಕ ನಿಲ್ಲುತ್ತೇನೆ. ಸಂತೋಷದಿಂದ. ಸಾಲಿನ ವಿಷಯ ಈಗಲೇ ಹೇಳಲಾರೆ. ಅಕ್ಟೋಬರಿನಲ್ಲಿ ಎದೆಯ ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ. ಅದು ಚೆನ್ನಾಗಿ ಬಂದರೂ ಬರುತ್ತೇನೆ ಎನ್ನಲು ಧೈರ್ಯವಿಲ್ಲ. ಈಗ ಆಗಸ್ಟ್, ಕಿಟಕಿ ತೆರೆದಿಟ್ಟು ಎಲ್ಲರೂ ಮಲಗುತ್ತಾರೆ, ನಾನು ಎದ್ದು ಮುಚ್ಚುತ್ತೇನೆ.

ನಿನ್ನ,
ಲಿನೆಟ್


ಬೈಕರ್
25 ಅಕ್ಟೋಬರ್ 1981

ಪ್ರೀತಿಯ ಲಿನೆಟ್,

ನಿನ್ನ ಕಾರ್ಡು ಬಂತು. ಚಿತ್ರ ಚೆನ್ನಾಗಿದೆ, ಎದೆ ಶುಭ್ರ! ಕಾರ್ಡನ್ನು ನ್ಯಾನಾಗೆ ಓದಿ ಹೇಳಿದೆ, ಅವಳು ಎದ್ದು ನಿಂತು ಕನ್ನಡಕ ಒರೆಸಿಕೊಂಡು ಮತ್ತೆ ಕೂತಳು. "ಸಾಲಿಗೆ ಬರುತ್ತೇನೆ" ಎಂದು ಮಾತ್ರ ಕಾರ್ಡಿನಲ್ಲಿ ಎಲ್ಲೂ ಇಲ್ಲ. ತಿರುಗಿಸಿಯೂ ನೋಡಿದೆ.

ನಿನ್ನೆ ನೀರು ಹೆಪ್ಪುಗಟ್ಟಿದ ಈ ಸಲದ ಮೊದಲ ಸಂಜೆ. ಹೊರಡುವ ಮುಂಚೆ ನ್ಯಾನಾಳ ತಪಾಸಣೆ, ಅದೇನೂ ಬದಲಾಗಿಲ್ಲ. ನಾಲ್ವರನ್ನೂ ಬೆಂಕಿಯ ಮುಂದೆ ನಿಲ್ಲಿಸಿ, ಸುತ್ತು ತಿರುಗಿಸಿ, ಕುತ್ತಿಗೆ, ಕಂಕುಳು, ಅಂಚು, ಎಲ್ಲ ನೋಡುತ್ತಾಳೆ. ಮ್ಯಾಕ್ಸೀನ್ ತಿರುಗಿದಳು ನೋಡು, ಬೆನ್ನಿನ ಮೇಲೆ ಬೂದು ಬಣ್ಣದ ಉಣ್ಣೆ ಇಣುಕುತ್ತಿದೆ. ಅವಳ ತಮ್ಮನ ಫುಟ್‌ಬಾಲ್ ಬನಿಯನ್!

"ಇದೇನೇ?" ಎಂದಳು ನ್ಯಾನಾ.

"ಯಾವ್ದು?"

"ಬೆನ್ನ ಮೇಲೆ ಕುರಿ ಕೂತಿದೆಯಲ್ಲ, ಅದು."

ಡಾಟ್ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಕೋಟಿನೊಳಗೆ ಯಾರಿದ್ದಾರೆ ನೋಡಿ ಎಂದವಳಿಗೆ ಈ ಗತಿ. ನಾನಂತೂ ದಾರಿಯುದ್ದಕ್ಕೂ ಬಿಡಲಿಲ್ಲ. ಈ ಊರಿನ ಹುಡುಗಿ ಬನಿಯನ್ ಹಾಕುವುದೆಂದರೇನು, ನಾಚಿಕೆಯಿಲ್ಲವೇ, ನಿನ್ನಂಥವಳನ್ನು ಪಕ್ಕದಲ್ಲಿ ಇಟ್ಟುಕೊಂಡು ನಡೆಯುವುದು ಹೇಗೆ ಎಂದು. ಡಾಟ್ ಮತ್ತು ಕ್ಯಾರಲ್ ಕೂಡ ಹಾಗೇ ಅಂದರು. ಅದೇಕೋ ನ್ಯಾನಾ ಮಾತ್ರ ನಗಲಿಲ್ಲ. ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು, ಕೋಟು ಹಾಕಿಕೊಂಡು, ಎರಡು ಮಫ್ಲರ್ ಸುತ್ತಿಕೊಂಡು.

ನಿನ್ನ ನೀಲಿ ಫ್ರಾಕು ಸಿದ್ಧವಾಗಿದೆ. ನಾಳೆ ಅಂಚೆಗೆ ಹಾಕುತ್ತೇನೆ. ಚರ್ಚಿಗಾದರೂ ಸರಿ, ಸಾಲಿಗಾದರೂ ಸರಿ, ಒಂದು ಸಲ ಹಾಕಿ ನೋಡು. ಇನ್ನು ಏಳು ವಾರ!

ನಿನ್ನ,
ಬೆವ್


ಬೈಕರ್
16 ನವೆಂಬರ್ 1981

ಲಿನೆಟ್ ಪುಟ್ಟಿ,

ನಾನು ಬರೆದದ್ದು ಬೆವ್‌ಗೆ ಗೊತ್ತಿಲ್ಲ. ಅವಳು ಬೇಕರಿಗೆ ಹೋಗಿದಾಳೆ.

ಇದರ ಜೊತೆ ಒಂದು ಪೊಟ್ಟಣ ಇದೆ. ಸಣ್ಣ ಉಣ್ಣೆಯಲ್ಲಿ ಹೆಣೆದದ್ದು, ಚುಚ್ಚಲ್ಲ. ಕುತ್ತಿಗೆ ಇಳಿಸಿದೀನಿ, ತೋಳೇ ಇಟ್ಟಿಲ್ಲ, ಅಂಚು ಒಳಗೆ ಮಡಿಸಿದೀನಿ. ನೀಲಿ ಫ್ರಾಕಿನ ಕೆಳಗೆ ಯಾವ ಕಡೆಯಿಂದಲೂ ಕಾಣಲ್ಲ. ಫ್ರಾಕು ಹೊಲಿದವಳೂ ನಾನೇ ತಾನೆ.

ನಾನು ನಿನ್ನ ವಯಸ್ಸಲ್ಲಿ ನಾರ್ತ್ ಶೀಲ್ಡ್ಸ್ ಮೀನುಕಟ್ಟೆಯಲ್ಲಿ ಹೆರಿಂಗ್ ಮೀನು ಸೀಳ್ತಿದ್ದೆ. ತೋಳು ಬರಿದಾಗೇ ಇರಬೇಕು, ಬಟ್ಟೆ ಇದ್ರೆ ಉಪ್ಪುನೀರಲ್ಲಿ ತೊಯ್ದು ಮೈಗೇ ಹೆಪ್ಪುಗಟ್ಟೋದು. ನೋಡೋಕೆ ಬಂದವರು "ಈ ಹೆಣ್ಣುಗಳಿಗೆ ಚಳಿನೇ ಇಲ್ಲ" ಅಂತ ಹೇಳ್ಕೊಂಡು ಹೋಗೋರು. ಒಳಗೆ ಏನಿದೆ ಅಂತ ಅವರು ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ಆ ಮಾತು ಕೇಳೋಕೆ ನಮಗೂ ಚೆನ್ನಾಗಿತ್ತು.

ನಾನು ಶನಿವಾರ ಶನಿವಾರ ಹುಡುಗೀರನ್ನ ತಿರುಗಿಸಿ ನೋಡೋದು ಬನಿಯನ್ ಇದೆಯಾ ಅಂತ ಅಲ್ಲ, ಕಾಣುತ್ತಾ ಅಂತ. ಇದು ಐದನೇದು. ಮಿಕ್ಕ ನಾಲ್ಕು ಎಲ್ಲಿದೆ ಅಂತ ಕೇಳಬೇಡ. ಮ್ಯಾಕ್ಸೀನ್‌ದು ಹೋದ ವಾರ ಮುಗೀತು, ಅವಳು ಬೇಡ ಬೇಡ ಅಂತಾನೇ ಇದ್ದಳು. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಕೊಟ್ಟಿದಾಳೆ ಅಂದ್ಕೊಂಡಿದಾಳೆ, ಹಾಗೇ ಇರ್ಲಿ. ನಿನಗೆ ಕೊಡೋ ಹೊತ್ತಿಗೆ ನೀನು ದಕ್ಷಿಣಕ್ಕೆ ಹೋಗಿಬಿಟ್ಟಿದ್ದೆ. ಅದು ನನ್ನ ಮನಸ್ಸಲ್ಲಿ ಕೂತಿತ್ತು.

ಬರೋದು ಬಿಡೋದು ನಿನ್ನಿಷ್ಟ. ಪೊಟ್ಟಣ ಮಾತ್ರ ವಾಪಸ್ ಕಳಿಸಬೇಡ.

ನ್ಯಾನಾ


ಬೈಕರ್
6 ಡಿಸೆಂಬರ್ 1981, ಭಾನುವಾರ

ಪ್ರೀತಿಯ ಲಿನೆಟ್,

ಚಳಿ ಬಂದಿದೆ, ಎಂಥ ಚಳಿ! ಹಿತ್ತಲ ನಲ್ಲಿ ಒಡೆಯಿತು. ಬೇಕರಿಯ ಬಾಗಿಲ ಹಿಡಿಕೆಗೆ ನನ್ನ ಕೈಯ ಚರ್ಮ ಅಂಟಿಕೊಂಡಿತ್ತು. ರೇಡಿಯೋದವರು ಶನಿವಾರ ಇನ್ನೂ ಜೋರಾಗುತ್ತದೆ ಎನ್ನುತ್ತಾರೆ. ಕೀತ್ ನಿನ್ನೆ ಜಾಕೆಟ್ ಹಾಕಿಕೊಂಡು ಬಂದ! ಹಡಗುಕಟ್ಟೆಯವರು ಅವನಿಗೆ ಜ್ವರವೇ ಎಂದು ಕೇಳಿದರಂತೆ.

ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನೀನು ಕೋಟು ಹಾಕಿಕೊಂಡೇ ಬಾ. ಬಂದರೆ ಸಾಕು. ಹುಡುಗಿಯರನ್ನು ಕೂರಿಸಿ, ಕಾಯಿಲೆಯ ವಿಷಯ ಎತ್ತದೆ, ಆಣೆ ಹಾಕಿಸಿಕೊಂಡಿದ್ದೇನೆ: ಲಿನೆಟ್ ಏನೇ ಹಾಕಿಕೊಂಡು ಬಂದರೂ ಯಾರೂ ಒಂದು ಮಾತು ಆಡಕೂಡದು. ಮ್ಯಾಕ್ಸೀನ್ ಕೂಡ ಆಣೆ ಹಾಕಿದಳು, ಮುಖ ಗಂಟಿಕ್ಕಿಕೊಂಡು. ನಿನ್ನನ್ನು ನಡುವೆ ಹಾಕುತ್ತೇವೆ. ನದಿ ಕಡೆಯ ತುದಿ ಪೂರ್ತಿ ನನ್ನದು, ಸ್ಮಾರಕದಿಂದ ಹಾಲಿನವರೆಗೆ, ಬದಲಿಲ್ಲದೆ. ಮದುಮಗಳ ಮಾತು ಯಾರೂ ತೆಗೆದುಹಾಕುವ ಹಾಗಿಲ್ಲ.

ಹೇಗೆ ಬಂದರೂ ಸರಿ. ಒಂದು ಸಾಲು ಬರೆ, ಬರುತ್ತೇನೆ ಅಥವಾ ಇಲ್ಲ.

ನಿನ್ನ,
ಬೆವ್


ಎಕ್ಸೆಟರ್
10 ಡಿಸೆಂಬರ್ 1981, ಗುರುವಾರ

ಪ್ರೀತಿಯ ಬೆವ್,

ಇದನ್ನು ಈಗಲೇ ಅಂಚೆಗೆ ಹಾಕುತ್ತೇನೆ, ನನಗಿಂತ ಮೊದಲು ನಿನ್ನ ಕೈಗೆ ಸಿಗಬೇಕು. ಒಂದು ಸಾಲು ಕೇಳಿದ್ದೀಯ. ಸ್ವಲ್ಪ ಹೆಚ್ಚಾಗುತ್ತದೆ.

ನಿನ್ನ ಪತ್ರವನ್ನು ವಾರ್ಡಿಗೆ ಹೋಗುವ ಮೆಟ್ಟಿಲ ಮೇಲೆ ಕೂತು ಓದಿದೆ. ಯಾರೂ ಒಂದು ಮಾತು ಆಡಕೂಡದು ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಇನ್ನೊಮ್ಮೆ ಓದಿದೆ. ನಿನ್ನ ಮನಸ್ಸು ನನಗೆ ಗೊತ್ತು, ತಪ್ಪು ತಿಳಿಯಬೇಡ. ಆದರೆ ಬೆವ್, ಕೋಟು ಬಿಡುವ ಕಿಟಕಿಯ ಸಾಲಿನಲ್ಲಿ ನಿಂತ ಹೊರಗಿನವರಿಗೂ ನಾವು ಏನೂ ಅನ್ನುವುದಿಲ್ಲ. ಸುಮ್ಮನೆ ಬಿಟ್ಟು ಮುಂದೆ ಹೋಗುತ್ತೇವೆ. ಇಡೀ ವರ್ಷ ಮ್ಯಾಕ್ಸೀನ್ ಆಡಿದ ಮಾತು ಚುಚ್ಚುತ್ತಿದೆ ಎಂದುಕೊಂಡಿದ್ದೆ. ಅವಳು ನನ್ನ ಮುಂದೆ ಬಾಯಿ ಬಿಗಿದು ಮರ್ಯಾದೆಯಿಂದ ನಿಂತಿರುವುದನ್ನು ಕಲ್ಪಿಸಿಕೊಂಡಾಗ ನಿಜವಾಗಿ ಚಳಿಯಾಯಿತು.

ಅವಳ ಆಣೆಯನ್ನು ಬಿಡಿಸು. ಏನಾದರೂ ಅನ್ನಲೇಬೇಕು ಎಂದು ಹೇಳು. ಉತ್ತರ ನನ್ನ ಹತ್ತಿರ ತಯಾರಿದೆ, ಅದರಲ್ಲಿ ಒಂದು ಕುರಿಯೂ ಇದೆ.

ನಿನ್ನೆ ಸಂಜೆ ಇಲ್ಲಿಯೂ ಹಿಮ ಬಿತ್ತು. ಪಾಳಿ ಮುಗಿದ ಮೇಲೆ ಕೋಣೆಗೆ ಬಂದು ನೀಲಿ ಫ್ರಾಕು ಹಾಕಿಕೊಂಡೆ. ಹಾಗೇ ಹೊರಟೆ. ಜೊತೆಗಾತಿ ಹುಚ್ಚು ಹಿಡಿದಿದೆಯಾ ಎಂದು ಹಿಂದೆ ಓಡಿಬಂದು, ಹೊರಬಾಗಿಲಿನ ಗಾಳಿ ತಗುಲಿದೊಡನೆ ಒಳಗೆ ಓಡಿದಳು. ನಾನು ಅಂಗಳ ದಾಟಿ ಗೇಟಿನವರೆಗೆ ನಡೆದೆ. ಮೊದಲು ತೋಳು ಉರಿಯಿತು. ಆಮೇಲೆ ಉರಿ ನಿಂತು ತೋಳು ನನ್ನದೇ ಆಯಿತು, ಎಷ್ಟೋ ಕಾಲದ ಮೇಲೆ. ಬಾಯಿಂದ ಬಂದ ಹಬೆ ದೀಪದ ಬೆಳಕಿನಲ್ಲಿ ನೆಟ್ಟಗೆ ಮೇಲೇರುತ್ತಿತ್ತು. ಆಳವಾಗಿ ಉಸಿರೆಳೆದೆ, ಎಲ್ಲೂ ತಡೆಯಲಿಲ್ಲ. ಓಡಬೇಕೆನಿಸಿತು, ಓಡಿದೆ.

ಗೇಟು ಕಾಯುವ ಮಿಸ್ಟರ್ ಪೆನ್ರೋಸ್ ತನ್ನ ಗೂಡಿನಿಂದ ತಲೆ ಹೊರಗೆ ಹಾಕಿದ. ಟೋಪಿ, ಅದರ ಮೇಲೆ ಮಫ್ಲರ್.

"ಏನ್ ನರ್ಸಮ್ಮ, ಎಲ್ಲಾದ್ರೂ ಬೆಂಕಿ ಬಿತ್ತಾ?"

"ಇಲ್ಲ ಮಿಸ್ಟರ್ ಪೆನ್ರೋಸ್. ನಾನು ನ್ಯೂಕ್ಯಾಸಲ್ಲಿನವಳು."

"ಹಾಗಾದ್ರೆ ಸರಿ," ಎಂದು ತಲೆ ಒಳಗೆ ಎಳೆದುಕೊಂಡ.

ನಗುತ್ತಲೇ ವಾಪಸು ಬಂದೆ. ಆ ರಾತ್ರಿ ಕಿಟಕಿ ತೆರೆದಿಟ್ಟು ಮಲಗಿದೆ. ಎದೆಯ ಬಗ್ಗೆ ಹೆದರಬೇಡ. ಚಳಿ ಎದೆಗೆ ಏನು ಮಾಡುತ್ತದೆಂದು ಕಲಿತವಳು ನಾನು, ಮಾಡಬೇಕಾದ ಏರ್ಪಾಡು ಮಾಡಿಕೊಂಡಿದ್ದೇನೆ. ಏನು ಏರ್ಪಾಡು ಎಂದು ನೀನು ಕೇಳುವ ಹಾಗಿಲ್ಲ. ನಾನೂ ನಿನ್ನನ್ನು ಕೇಳುವುದಿಲ್ಲ. ನ್ಯಾನಾಗೆ ಮಾತ್ರ ಹೇಳು, ತಪಾಸಣೆಗೆ ಐದನೆಯವಳೂ ಬರುತ್ತಾಳೆ, ಯಾವ ಕಡೆ ತಿರುಗಿಸಿದರೂ ಏನೂ ಕಾಣುವುದಿಲ್ಲ ಎಂದು.

ನಾಳಿದ್ದು ಬೆಳಗಿನ ಮೊದಲ ರೈಲು. ಹಿಮದಿಂದ ತಡವಾದರೂ ಏಳಕ್ಕೆ ಮುಂಚೆ ಬಂದೇ ಬರುತ್ತೇನೆ. ಮಾಮ್‌ಗೆ ಕಳೆದ ವರ್ಷದ ಕಾಯಿಲೆಯ ವಿಷಯ ನಾನೇ ಹೇಳುತ್ತೇನೆ, ಮದುವೆಯ ಮಾರನೆಯ ದಿನ. ಕೋಟು ಈಗ ನನ್ನೆದುರಿಗೆ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಅದು ಅಲ್ಲೇ ಇರುತ್ತದೆ.

ಇನ್ನು ಸಾಲು. ನಡು ಮದುಮಗಳದ್ದು, ನೀನು ಅಲ್ಲಿಂದ ಅಲುಗುವ ಹಾಗಿಲ್ಲ. ಸ್ಮಾರಕದಿಂದ ಹೊರಡುವಾಗ ನದಿ ಕಡೆಯ ತುದಿ ನನ್ನದು, ಯಾರೂ ಕೊಟ್ಟದ್ದಲ್ಲ, ನಾನೇ ಕೇಳುತ್ತಿರುವುದು. ಬ್ಯಾಂಕಿನ ಮೂಲೆಯವರೆಗೆ ಮಾತ್ರ. ಅಲ್ಲಿ ಈ ಸಲ ನಾನು ಯಾರಿಗೂ ಕಾಯುವುದಿಲ್ಲ. ಬೀದಿಯ ಆ ತುದಿಗೂ ಕೇಳುವ ಹಾಗೆ "ಬದಲು" ಎಂದು ನಾನೇ ಕೂಗುತ್ತೇನೆ.

ನಿನ್ನ,
ಲಿನೆಟ್